ದಿನಾ ಇಲ್ಲೇ ಇರತ್ತೆ, ಮೇಡಂ

"ಯಾವ ಮುಂಡೆ ಇದರ ಮೇಲೆ ಉಚ್ಚೆ ಹೊಯ್ದಿದ್ದು?"

ಮೇಸ್ತ್ರಿ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಹಿಡಿದು, ಲಾಂಡ್ರಿಯ ಹೆಂಗಸರಿಗೆಲ್ಲ ಕಾಣುವ ಹಾಗೆ ತಲೆಯ ಮೇಲಕ್ಕೆ ಎತ್ತಿದ. ಬೆಳ್ಳಗೆ ಫಳಫಳ ಹೊಳೆಯುತ್ತಿದ್ದ ಬಟ್ಟೆಯ ಅಂಚಿನಲ್ಲಿ ಅಂಗೈಯಗಲದ ಎರಡು ಕಲೆ. ಎರಡೂ ಸೀದು ಕಂದುಬಣ್ಣಕ್ಕೆ ತಿರುಗಿದ್ದವು.

ಅದು ಉಚ್ಚೆಯಲ್ಲ, ಹಾಲು. ಮಷೀನಿನಿಂದ ಬಂದ ಹಸಿ ಬೆಡ್‌ಶೀಟನ್ನು ಎದೆಗೆ ಒತ್ತಿಕೊಂಡು ಸಿಕ್ಕು ಬಿಡಿಸುವಾಗ ಸೋರಿದ್ದು. ಒದ್ದೆಯ ಮೇಲೆ ಒದ್ದೆ ಯಾರ ಕಣ್ಣಿಗೆ ಬೀಳುತ್ತದೆ? ಆದರೆ ಇಸ್ತ್ರಿಯ ಕಾದ ರೋಲರಿನೊಳಗೆ ಹೋಗಿ ಆಚೆ ಬಂತೋ, ಇದ್ದಬದ್ದ ಗುಟ್ಟೆಲ್ಲ ಬಯಲು. ಹೋಟೆಲಿನವರು ಇಂಥ ಬಟ್ಟೆಯನ್ನು ಮುಖದ ಮೇಲೆ ಎಸೆಯುತ್ತಾರೆ. ಅವರು ಲಾಂಡ್ರಿಯ ಸಾಹೇಬನ ಮುಖಕ್ಕೆ ಎಸೆದರೆ ಸಾಹೇಬ ಮೇಸ್ತ್ರಿಯ ಮುಖಕ್ಕೆ, ಮೇಸ್ತ್ರಿ ಇವರ ಮುಖಕ್ಕೆ.

ಕಲೆಯ ಒಡತಿ ರೋಲರಿನ ಪಕ್ಕದಲ್ಲಿ ನಿಂತಿದ್ದಳು. ಅವಳನ್ನು ಅಲ್ಲಿ ಎಲ್ಲರೂ ಬಾಣಂತಿ ಎಂದೇ ಕರೆಯುತ್ತಿದ್ದರು. ಹೆತ್ತು ಐದು ತಿಂಗಳಾಗಿತ್ತು, ಬಾಣಂತನ ಎಂಬುದನ್ನು ಅವಳು ಸರಿಯಾಗಿ ಕಂಡಿದ್ದೇ ಇಲ್ಲ, ಆದರೂ ಹೆಸರು ಮಾತ್ರ ಅಂಟಿಕೊಂಡಿತ್ತು. ನಾನೇ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ, ಎಲ್ಲರೂ ಅಕ್ಕ ಎನ್ನುತ್ತಿದ್ದ ಹಿರಿಯಳು ಮುಂದೆ ಬಂದಳು.

"ನಂದೇ ಮೇಸ್ತ್ರಿ. ಟೀ ಚೆಲ್ಲಿಬಿಡ್ತು."

"ಈಗಲೇ ಕೈ ನಡುಗತ್ತೇನೇ ಮುದಿ ಗೂಬೆ? ಇನ್ನೊಂದು ಸಲ ಕಲೆ ಕಂಡ್ರೆ ಇದರಲ್ಲೇ ಸುತ್ತಿ ಆಚೆಗೆ ಬಿಸಾಕ್ತೀನಿ ನಿನ್ನ."

ಬೆಡ್‌ಶೀಟು ಅಕ್ಕನ ಮುಖಕ್ಕೆ ಬಡಿದು ಕೆಳಗೆ ಬಿತ್ತು. ಅವನು ಅತ್ತ ಹೋದದ್ದೇ ತಡ, ಅಕ್ಕ ಅದನ್ನು ಎತ್ತಿಕೊಳ್ಳುತ್ತ ಹಲ್ಲು ಕಡಿದಳು. "ಇವನೇನು ಹುಟ್ಟಿದಾಗ ಡೀಸೆಲ್ ಕುಡಿದು ಬೆಳೆದನಾ, ಬೇವರ್ಸಿ!"

ಬಾಣಂತಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಅಕ್ಕ ಹಳೇ ಟವೆಲಿನ ತುಂಡೊಂದನ್ನು ಮಡಚಿ, ಯಾರೂ ನೋಡದ ಹಾಗೆ ಅವಳ ಅಂಗಿಯೊಳಗೆ ತುರುಕಿದಳು.

ಅವರಿಬ್ಬರೂ ಜೋಡಿ. ರೋಲರಿನ ಕೆಲಸ ಒಂಟಿ ಕೈಯಲ್ಲಿ ಆಗುವಂಥದ್ದಲ್ಲ. ಬೆಡ್‌ಶೀಟಿನ ಒಂದು ಮೂಲೆ ಇವಳ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಇಬ್ಬರೂ ಒಂದೇ ಉಸಿರಿಗೆ ಎಳೆದು ಹಿಡಿದು, ಒಂದೇ ಸಮನೆ ಒಳಗೆ ಬಿಡಬೇಕು. ಒಬ್ಬಳು ತಡ ಮಾಡಿದರೆ ಬಟ್ಟೆ ಸೊಟ್ಟಗೆ ಹೋಗಿ ಸುತ್ತಿಕೊಳ್ಳುತ್ತದೆ, ಬಿಡಿಸಲು ಹೋದವಳ ಬೆರಳು ಬೇಯುತ್ತದೆ. ಒಬ್ಬಳಿಗೆ ಉಚ್ಚೆ ಬಂದರೆ ಇನ್ನೊಬ್ಬಳಿಗೂ ಬರಬೇಕು, ಅಷ್ಟೇ! ಗಂಡ ಹೆಂಡತಿ ಕೂಡ ಇಷ್ಟು ಹೊಂದಿಕೊಂಡು ಬಾಳುವುದಿಲ್ಲ ಎಂದು ಅಕ್ಕ ಆಗಾಗ ರೇಗಿಸುತ್ತಿದ್ದಳು. ಬಾಣಂತಿ ಬಸುರಿಯಾಗಿದ್ದಾಗ ಭಾರದ ಕೆಲಸವನ್ನೆಲ್ಲ ತಾನೇ ಮಾಡಿದವಳು ಅವಳು. ಬಾಣಂತಿಯೂ ಅವಳನ್ನು ಒಡಹುಟ್ಟಿದವಳೆಂದೇ ನಂಬಿದ್ದಳು.

ಲಾಂಡ್ರಿಯಲ್ಲಿ ಮಕ್ಕಳ ಕೋಣೆಯೊಂದು ಇರಲಿಲ್ಲವೆಂದಲ್ಲ. ಇತ್ತು, ಗೇಟಿನ ಪಕ್ಕದಲ್ಲೇ, ಬಾಗಿಲ ಮೇಲೆ ಹೆಸರು ಬರೆದುಕೊಂಡು. ಬೀಗ ಹಾಕಿತ್ತು, ಒಳಗೆ ಸೋಪಿನ ಪುಡಿಯ ಮೂಟೆಗಳು. ಒಮ್ಮೆ ಅವಳು ಮೇಸ್ತ್ರಿಯನ್ನು ಕೇಳಿಯೂ ಇದ್ದಳು.

"ಅಣ್ಣ, ಒಂದು ಮೂಲೆ ಖಾಲಿ ಮಾಡಿಕೊಟ್ರೆ ಸಾಕು. ಮಗೂನ ಮಲಗಿಸ್ಕೋತೀನಿ. ಮಧ್ಯ ಹೋಗಿ ಹಾಲು ಕೊಟ್ಟು ಓಡಿ ಬರ್ತೀನಿ."

"ಹೆರೋವಾಗ ನನ್ನ ಕೇಳಿ ಹೆತ್ತೆಯಾ? ಹಾಲು ಕೊಡಬೇಕಂತೆ! ಡೈರಿ ಮಾಡ್ಕೊಂಡು ಮನೇಲಿ ಕೂತ್ಕೋ ಹೋಗು."

ಸುತ್ತಲಿದ್ದ ಗಂಡಸರು ಕಿಸಕ್ಕೆಂದರು. ಅವಳು ಮತ್ತೆ ಕೇಳಲಿಲ್ಲ.

ಮಗು ಮನೆಯಲ್ಲಿ ಅತ್ತೆಯ ಹತ್ತಿರ ಇರುತ್ತಿತ್ತು. ಅತ್ತೆ ಪಾಪದವಳು, ಆದರೆ ಕಣ್ಣು ಮಂಜು, ಬಾಟಲಿಗೆ ಎಷ್ಟು ಪುಡಿ ಹಾಕಿದೆ, ಎಷ್ಟು ನೀರು ಹಾಕಿದೆ ಎಂಬುದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಗಂಡ ಲಾರಿಯ ಮೇಲೆ ಹೋದರೆ ಯಾವಾಗ ಬರುತ್ತಾನೋ ಬಂದಾಗಲೇ ಖಾತ್ರಿ. ಸಂಜೆ ಬಾಣಂತಿ ಓಡೋಡಿ ಮನೆಗೆ ಬಂದು, ಕಲ್ಲಿನ ಹಾಗೆ ಬಿಗಿದ ಎದೆಯನ್ನು ಮಗುವಿನ ಬಾಯಿಗಿಟ್ಟರೆ ಅದು ಮುಖ ತಿರುಗಿಸಿ ಬಾಟಲಿಗಾಗಿ ಅರಚುತ್ತಿತ್ತು. ಹೆತ್ತ ಮಗು ತನ್ನನ್ನು ಪರಕೀಯಳ ಹಾಗೆ ನೂಕಿದರೆ ಯಾವ ತಾಯಿಯ ಕರುಳು ತಡೆದೀತು?

ಆಸ್ಪತ್ರೆಯ ನರ್ಸು ಮುಚ್ಚುಮರೆಯಿಲ್ಲದೆ ಹೇಳಿದ್ದಳು. "ಮೈ ಇಳೀತಾ ಇದೆ ಕಣಮ್ಮ ಇದು. ನಿನ್ನ ಹಾಲು ಬೇಕು ಇದಕ್ಕೆ. ಹೀಗೇ ಬಾಟಲಿ ಕೊಟ್ಕೊಂಡು ಹೋದ್ರೆ ಪೂರ್ತಿ ಮರೆತುಬಿಡತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡ."

ಅವಳು ಅತ್ತದ್ದು ಅಕ್ಕನ ಹತ್ತಿರ. ಅಕ್ಕ ಕೇಳಿಸಿಕೊಂಡಳು, ಮೂಗು ಒರೆಸಿದಳು, ಊಟದ ಹೊತ್ತಿನಲ್ಲಿ ಉಳಿದ ತಾಯಂದಿರನ್ನೂ ಕೂಡಿಸಿದಳು. "ಒಬ್ಬೊಬ್ರೇ ಹೋದ್ರೆ ನಾಯಿ ಓಡಿಸಿದ ಹಾಗೆ ಓಡಿಸ್ತಾರೆ. ಎಲ್ರೂ ಹೋಗೋಣ. ಮಾತು ನಾನಾಡ್ತೀನಿ."

ಹೋದರು. ಸಾಹೇಬ ಮೇಸ್ತ್ರಿಯ ಹಾಗೆ ಕಿರುಚುವವನಲ್ಲ, ಮಾತು ಬೆಣ್ಣೆ. ಅವರನ್ನೆಲ್ಲ ಹೊರಗೆ ನಿಲ್ಲಿಸಿ ಅಕ್ಕನೊಬ್ಬಳನ್ನೇ ಒಳಗೆ ಕರೆದ. ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ಹೊರಬಂದ ಅಕ್ಕನ ಮುಖ ಅರಳಿತ್ತು.

"ಆಯ್ತು ಕಣ್ರೇ, ಒಪ್ಪಿಕೊಂಡ್ರು. ನಾಡಿದ್ದು ದೊಡ್ಡ ಆಫೀಸಿಂದ ಒಬ್ಬ ಮೇಡಂ ಮಕ್ಕಳ ಕೋಣೆ ಇದೆಯಾ ಅಂತ ನೋಡೋಕೆ ಬರ್ತಾರಂತೆ. ಅಷ್ಟರೊಳಗೆ ಕೋಣೆ ತೆಗೀತಾರೆ. ಯಾರದಾದ್ರೂ ಒಂದು ಕೈಗೂಸು ಅಲ್ಲಿರಬೇಕಂತೆ." ಬಾಣಂತಿಯ ಕಡೆ ತಿರುಗಿದಳು. "ನಿಂದೇ ತಾ. ಮೇಡಂ ಕೇಳಿದ್ರೆ ಕೋಣೆ ಯಾವಾಗಲೂ ತೆಗೆದಿರತ್ತೆ, ಮಗು ದಿನಾ ಇಲ್ಲೇ ಇರತ್ತೆ ಅನ್ನು."

"ಅಯ್ಯೋ, ಸುಳ್ಳಲ್ವಾ ಅಕ್ಕ?"

"ನಾಡಿದ್ದಿಗೆ ಸುಳ್ಳು, ಆಚೆ ನಾಡಿದ್ದಿಂದ ನಿಜ. ಇಲ್ಲ ಅಂದ್ರೆ ಸಾಹೇಬರ ಮಾನ ಹೋಗತ್ತೆ, ಆಮೇಲೆ ಹಟಕ್ಕೆ ಬಿದ್ದು ಜನ್ಮದಲ್ಲಿ ಬಾಗಿಲು ತೆಗೆಯಲ್ಲ. ನನ್ನ ಮೇಲೆ ನಂಬಿಕೆ ಇಲ್ವೇನೇ ನಿನಗೆ?"

ನಂಬಿಕೆ ಇಲ್ಲದೆ ಏನು! ಅಕ್ಕ ಬಾವಿಗೆ ಬೀಳು ಎಂದಿದ್ದರೂ ಬಾಣಂತಿ ಬೀಳುತ್ತಿದ್ದಳು.

ಮೇಡಂ ಬರುವ ದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಬಂದ ಬಾಣಂತಿ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮೂಟೆಗಳು ಮಾಯ. ಗೋಡೆಗೆ ಹಳದಿ ಬಣ್ಣ, ಅದರ ಮೇಲೆ ಸೊಂಡಿಲೆತ್ತಿದ ಆನೆ. ನೆಲಕ್ಕೆ ಮೆತ್ತನೆಯ ಚಾಪೆ, ಒಂದು ತೊಟ್ಟಿಲು, ಇನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಗಿಲಕಿಗಳು. ಹಸಿ ಬಣ್ಣದ ವಾಸನೆಗೆ ತಲೆ ಸುತ್ತಿದರೂ ಅವಳಿಗೆ ಅದು ಸ್ವರ್ಗವೇ ಅನಿಸಿತು.

ಮೇಡಂ ಬಂದಳು. ಜೊತೆಗೆ ಸಾಹೇಬ, ಹಿಂದೆ ಕೈಕಟ್ಟಿಕೊಂಡು ಮೇಸ್ತ್ರಿ, ಬಾಗಿಲಲ್ಲಿ ಅಕ್ಕ. ಮೇಡಂ ಒಳ್ಳೆಯವಳ ಹಾಗೇ ಕಂಡಳು. ತೊಟ್ಟಿಲ ಹತ್ತಿರ ಮಂಡಿಯೂರಿ ಮಗುವಿನ ಕೆನ್ನೆ ಮುಟ್ಟಿ, ಆಮೇಲೆ ತಾಯಿಯ ಮುಖ ನೋಡಿದಳು.

"ಈ ಬಣ್ಣ ಹೊಸದು. ನಿಜ ಹೇಳಮ್ಮ, ಹೆದರಬೇಡ. ಮಗು ದಿನಾ ಇಲ್ಲಿರತ್ತಾ?"

ನಿಜ ಬಾಣಂತಿಯ ನಾಲಿಗೆಯ ತುದಿಗೇ ಬಂದಿತ್ತು. ಬಾಗಿಲಲ್ಲಿದ್ದ ಅಕ್ಕ ಕಣ್ಣಲ್ಲೇ ಹೂಂ ಅನ್ನು ಎಂದಳು.

"ದಿನಾ ಇಲ್ಲೇ ಇರತ್ತೆ, ಮೇಡಂ. ಬಣ್ಣ ಮಾತ್ರ ಈಗ ಹಚ್ಚಿದ್ದು."

ಆ ಎರಡನೇ ಮಾತು ಯಾರೂ ಹೇಳಿಕೊಟ್ಟದ್ದಲ್ಲ, ಅವಳದೇ. ಸಾಹೇಬನ ಹಲ್ಲೆಲ್ಲ ಕಂಡವು. ಸಂತೋಷ ಕಣಮ್ಮ ಎಂದು ಮೇಡಂ ಅವಳ ಬೆನ್ನು ತಟ್ಟಿ ಕಾರು ಹತ್ತಿದಳು.

ಆ ಮಧ್ಯಾಹ್ನ ಬಾಣಂತಿ ಆನೆಯ ಕೆಳಗೆ ಗೋಡೆಗೊರಗಿ ಕೂತು ಮಗುವನ್ನು ಮಡಿಲಿಗೆ ಹಾಕಿಕೊಂಡಳು. ಬಾಟಲಿ ಎಲ್ಲೂ ಇರಲಿಲ್ಲ. ಮಗು ಅತ್ತಿತು, ಒದ್ದಿತು, ಮುಖ ಕಿವುಚಿತು, ಕೊನೆಗೆ ಹಸಿವು ಗೆದ್ದು ಬಾಯಿ ಹಚ್ಚಿತು. ಕುಡಿಯುವ ಸದ್ದು ಕೇಳಿ ಅವಳಿಗೆ ಸುಖಕ್ಕೆ ಅಳು ಬಂತು. ಅಕ್ಕ ಇಣುಕಿ ನೋಡಿ, ಒಳಗೆ ಬಂದು, ಮಗುವಿನ ನೆತ್ತಿ ಮೂಸಿ ಹೋದಳು.

ಮಾರನೆಯ ದಿನ ಅವಳು ಬಾಟಲಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು, ಮಗುವನ್ನು ಎತ್ತಿಕೊಂಡು ಬಂದಳು. ಗೇಟಿನ ಕಾವಲುಗಾರ ಕೋಲು ಅಡ್ಡ ಹಿಡಿದ.

"ಮಗು ಒಳಗೆ ಬಿಡೋ ಹಾಗಿಲ್ಲ."

"ತಮಾಷೆ ಮಾಡಬೇಡ ಅಣ್ಣ. ನಿನ್ನೆ ನೀನೇ ಗೇಟು ತೆಗೆದೆಯಲ್ಲ?"

"ನಿನ್ನೆ ನಿನ್ನೆಗೆ ಆಯ್ತು. ಇವತ್ತು ಹೇಳಿಲ್ಲ ನಂಗೆ."

ಅಷ್ಟರಲ್ಲಿ ಸೋಪಿನ ಪುಡಿಯ ಲಾರಿ ಬಂತು. ಗೇಟು ತೆರೆದಾಗ ಅವಳು ಲಾರಿಯ ಪಕ್ಕದಿಂದ ನುಸುಳಿ ಒಳಗೆ ಹೋದಳು. ಮಕ್ಕಳ ಕೋಣೆಗೆ ಬೀಗ. ಕಿಟಕಿಯಿಂದ ನೋಡಿದರೆ ತೊಟ್ಟಿಲಿಲ್ಲ, ಚಾಪೆಯಿಲ್ಲ. ಮೂಟೆಗಳು ಆನೆಯ ಹೊಟ್ಟೆಯವರೆಗೂ ಏರಿ ಕೂತಿದ್ದವು. ಅವಳಿಗೆ ನೆಲ ಕುಸಿದ ಹಾಗಾಯಿತು. ಅಕ್ಕನಿಗೆ ಗೊತ್ತಿಲ್ಲ, ಗೊತ್ತಾದರೆ ಇವರ ಚರ್ಮ ಸುಲಿಯುತ್ತಾಳೆ ಎಂದುಕೊಂಡು ರೋಲರಿನ ಕಡೆಗೆ ಓಡಿದಳು.

ಅಕ್ಕ ರೋಲರಿನ ಹತ್ತಿರ ಇರಲಿಲ್ಲ. ಅವಳ ಜಾಗದಲ್ಲಿ ಮಡಿಕೆ ಹಾಕುವ ಕಡೆಯಿಂದ ಕರೆತಂದ ಹೊಸ ಹುಡುಗಿ ನಿಂತಿದ್ದಳು. ಅಕ್ಕ ಆಚೆ, ಮೇಸ್ತ್ರಿಯ ಮಗ್ಗುಲಲ್ಲಿ, ಮೇಲ್ವಿಚಾರಕರ ನೀಲಿ ಕೋಟು ಹಾಕಿಕೊಂಡು ಇದ್ದಳು. ಹೊಸ ಕೋಟಿನ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಜೇಬಿನಿಂದ ಬೀಗದ ಕೈ ಗೊಂಚಲು ಜೋತಾಡುತ್ತಿತ್ತು.

"ಅಕ್ಕ... ಕೋಣೆಗೆ ಬೀಗ ಹಾಕವ್ರೆ."

ಅಕ್ಕ ಅವಳ ರಟ್ಟೆ ಹಿಡಿದು ತಳ್ಳುಗಾಡಿಗಳ ಮರೆಗೆ ಎಳೆದಳು. "ಮಗೂನ ಯಾಕೆ ತಂದೆ? ಮನೇಲಿ ಬಿಟ್ಟು ಬಾ. ಯಾರಾದ್ರೂ ನೋಡೋದ್ರೊಳಗೆ ಹೋಗು."

"ಆಚೆ ನಾಡಿದ್ದಿಂದ ನಿಜ ಅಂದೆಯಲ್ಲ?"

"ಅವರು ಹಾಗಂದ್ರು, ನಾನು ಹಾಗಂದೆ."

"ಮತ್ತೆ ಈ ಕೋಟು?"

ಅಕ್ಕ ಬೀಗದ ಕೈ ಗೊಂಚಲನ್ನು ಜೇಬಿನೊಳಕ್ಕೆ ತಳ್ಳಿದಳು. ಆಗ ಬಾಣಂತಿಗೆ ಅಂದು ಸಾಹೇಬನ ಬಾಗಿಲು ಮುಚ್ಚಿದ್ದು ಯಾಕೆ, ಅಷ್ಟು ಹೊತ್ತು ಹಿಡಿದದ್ದು ಯಾಕೆ, ಎಲ್ಲ ತಿಳಿಯಿತು.

"ನಂಬಿಸಿ ಕತ್ತು ಕುಯ್ದೆಯಲ್ಲೇ! ಮೇಸ್ತ್ರಿ ಬೈದ್ರೆ ಅವನು ಮೇಸ್ತ್ರಿ ಅಂದ್ಕೋತೀನಿ. ನೀನು ನನ್ನ ಜೋಡಿ ಕಣೇ. ಆ ಮೇಡಂ ಕೇಳಿದ್ಲು, ಹೆದರಬೇಡ ಅಂದ್ಲು, ಆದ್ರೂ ನಿನ್ನ ಮುಖ ನೋಡಿ ಸುಳ್ಳು ಹೇಳಿದೆ. ಈಗ ಹೋಗಿ ನಿಜ ಹೇಳಿದ್ರೆ ಯಾರು ನಂಬ್ತಾರೆ ನನ್ನ?"

"ಮೆಲ್ಲಗೆ ಮಾತಾಡೇ." ಅಕ್ಕನ ಕಣ್ಣು ಕೆಂಪಾಗಿತ್ತು. "ನಾನೂ ಹೆತ್ತವಳೇ. ಇದೇ ರೋಲರಿನ ಮುಂದೆ ನಿಂತು ಹಾಲು ಬತ್ತಿಸಿಕೊಂಡವಳು ನಾನು. ನನಗೆ ಯಾವಳು ಬಂದು ಬಾಗಿಲು ತೆಗೆದ್ಲು? ಕೈ ಸುಟ್ಟುಕೊಂಡು ಸುಟ್ಟುಕೊಂಡು ಮುದುಕಿಯಾದೆ. ಈಗ ಒಂದು ಕೋಟು ಸಿಕ್ತು, ಹಾಕ್ಕೊಂಡೆ. ನೀನಾಗಿದ್ರೆ ಬೇಡ ಅಂತಿದ್ಯಾ?"

ಬಾಣಂತಿ ಮಗುವಿಗೆ ಸುತ್ತಿದ ಬಟ್ಟೆ ಸರಿಮಾಡಿದಳು. ಮಗು ಏಳುತ್ತಿತ್ತು.

"ಏನೇ ಅಲ್ಲಿ ಸಂತೆ?" ಮೇಸ್ತ್ರಿ ದೂರದಿಂದಲೇ ಕೂಗಿಕೊಂಡು ಬಂದ. "ಏಯ್, ಆ ಪಿಳ್ಳೆನ ಯಾರೇ ಒಳಗೆ ಬಿಟ್ಟಿದ್ದು? ಎತ್ತಿ ಗೇಟಿನಾಚೆ ಹಾಕು. ನೀನೂ ಅದರ ಹಿಂದೇನೇ ಹೋಗ್ತಿರು!"

ಅವಳು ಅವನ ಕಡೆ ನೋಡಲೇ ಇಲ್ಲ. ಮಗುವನ್ನು ಬಟ್ಟೆಯ ಸಮೇತ ಎತ್ತಿ ಅಕ್ಕನ ಎದೆಗೆ ಇಟ್ಟಳು. ಕೂಸು ಬೀಳುತ್ತದೆಂದರೆ ಯಾವ ಹೆಂಗಸಿನ ಕೈ ಸುಮ್ಮನಿರುತ್ತದೆ? ಅಕ್ಕ ಗಾಬರಿಯಲ್ಲಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದಿನಾ ಇಲ್ಲೇ ಇರತ್ತೆ ಅಂತ ನನ್ನ ಬಾಯಲ್ಲಿ ಹೇಳಿಸಿದ್ದೀಯ. ಇರತ್ತೆ. ಬೀಗದ ಕೈ ನಿನ್ನ ಹತ್ರ ಇದೆ, ಮಗೂನೂ ನಿನ್ನ ಹತ್ರ ಇದೆ. ಗೇಟಿನಾಚೆ ಹಾಕೋದಾದ್ರೆ ನಿನ್ನ ಕೈಯಾರೆ ಹಾಕು."

"ಹುಚ್ಚಿ! ಬಾರೇ ಇಲ್ಲಿ! ತಗೊಳ್ಳೇ ಇದನ್ನ!"

ಬಾಣಂತಿ ಹೋಗಿ ರೋಲರಿನ ಮುಂದೆ ತನ್ನ ಜಾಗದಲ್ಲಿ ನಿಂತಳು. ತಳ್ಳುಗಾಡಿಯಿಂದ ಬೆಡ್‌ಶೀಟೊಂದನ್ನು ಎಳೆದು, ಮೂಲೆ ಹುಡುಕಿ, ಎತ್ತಿ ಹಿಡಿದಳು. ಇನ್ನೊಂದು ಮೂಲೆ ನೆಲದ ಮೇಲೆ ಬಿದ್ದಿತ್ತು. ಹೊಸ ಹುಡುಗಿ ಅದನ್ನು ಮುಟ್ಟದೆ ಅಕ್ಕನ ಕಡೆಗೇ ನೋಡುತ್ತಿದ್ದಳು.

"ಹಿಡಿಯೇ!" ಮೇಸ್ತ್ರಿ ಅರಚಿದ. "ಕಿವಿ ಸತ್ತಿದೆಯಾ, ಲೌಡಿ? ಹಿಡಿ!"

ಹುಡುಗಿ ಕೈ ಹಿಂದೆ ಕಟ್ಟಿಕೊಂಡಳು. ಪಕ್ಕದ ರೋಲರಿನ ಜೋಡಿಯೂ ನಿಂತಿತು, ಅದರಾಚೆಯದೂ ನಿಂತಿತು. ಖಾಲಿ ರೋಲರುಗಳು ಹಬೆ ಬಿಡುತ್ತ ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು.

ಮಗು ಬಾಯಿ ತೆರೆದು ನೀಲಿ ಕೋಟಿನ ಮೇಲೆಲ್ಲ ಹುಡುಕಿತು. ಗುಂಡಿಯೊಂದು ಸಿಕ್ಕಿತು. ಚೀಪಿತು, ಬಿಟ್ಟಿತು, ಮತ್ತೆ ಚೀಪಿತು, ಆಮೇಲೆ ಸೂರು ಹಾರಿಹೋಗುವ ಹಾಗೆ ಕಿರುಚತೊಡಗಿತು. ಅಕ್ಕನಿಗೆ ಬೀಗದ ಕಡೆಗೂ ಹೆಜ್ಜೆ ಏಳಲಿಲ್ಲ, ಗೇಟಿನ ಕಡೆಗೂ ಏಳಲಿಲ್ಲ. ಬಾಣಂತಿ ತಿರುಗಿ ನೋಡಲಿಲ್ಲ. ತನ್ನ ಮೂಲೆಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೇ ಇದ್ದಳು.