ರೇಡಿಯೇಟರಿಗೆ ಕಳಶದ ನೀರು

ಸುದ್ದಿ ಬಂದ ದಿನ ಮುನಿಆಂಜಿನಪ್ಪನವರು ಬಾಗಲೂರಿನ ತಮ್ಮ ಮನೆಯ ಹಿತ್ತಲಲ್ಲಿ ಪೂಜೆಗೆ ಕಣಗಿಲೆ ಹೂ ಬಿಡಿಸುತ್ತಿದ್ದರು. 2013ನೇ ಇಸವಿಯ ವೈಶಾಖ ಮಾಸ, ಸೋಮವಾರ ಬೆಳಗ್ಗೆ. ಕಿರಿಯ ಮಗ ವಾಸು ಫೋನು ಹಿಡಿದುಕೊಂಡೇ ಬಂದು ಎದುರಿಗೆ ನಿಂತ. ಅಣ್ಣ ಇನ್ನಿಲ್ಲ ಎಂದ.

ಹಿರಿಯ ಮಗ ಮುನಿಶಾಮಿ ಸೇಲಂನಿಂದ ಲೋಡು ತರುತ್ತಿದ್ದ. ಶೂಲಗಿರಿಯ ಏರಿನಲ್ಲಿ ಇಂಜಿನ್ ಕಾದು, ಲಾರಿ ಹೊಗೆಯಾಡುತ್ತ ರಸ್ತೆಯ ನಡುವೆಯೇ ನಿಂತುಹೋಯಿತು. ಚಕ್ರಕ್ಕೆ ಕಲ್ಲು ಕೊಡಲು ಅವನು ಕೆಳಗಿಳಿದ. ಹಿಂದಿನಿಂದ ಬಂದ ಗಾಡಿಯವನಿಗೆ ಅವನು ಕಾಣಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿಯಿತು. ಮನೆಯಲ್ಲಿ ಇನ್ನೊಂದು ಲಾರಿಯಿತ್ತು. ಎರಡನ್ನೂ ಒಂದೇ ದಿನ, ಒಂದೇ ಶೋರೂಮಿನಿಂದ ತಂದು ಮೂರು ವರ್ಷವಾಗಿತ್ತು. ಮರುದಿನ ಬೆಳಗ್ಗೆ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಈರುಳ್ಳಿ ತುಂಬಿಕೊಂಡು ವಾಸು ಅದೇ ರಸ್ತೆಯಲ್ಲಿ ಹೋಗಬೇಕಾಗಿತ್ತು. ಆದರೆ ಲಾರಿಯ ಕೀಲಿಯನ್ನು ಮುನಿಶಾಮಿಯ ಹೆಂಡತಿ ಸರಳಾ ಸೆರಗಿಗೆ ಗಂಟು ಹಾಕಿಕೊಂಡು ಕುಳಿತಿದ್ದಳು.

“ಕೊಡಮ್ಮ,” ಎಂದರು ಮುನಿಆಂಜಿನಪ್ಪನವರು.

“ಕೊಡಲ್ಲ ಮಾವ. ಅವರ ಗಾಡಿ ಯಾಕೆ ನಿಂತ್ಕೊಳ್ತು ಅಂತ ಗೊತ್ತಾಗೋವರೆಗೂ ವಾಸುನ ಕಳಿಸಲ್ಲ.”

“ಬಿಸಿಲು ಕಣಮ್ಮ, ಏರು ಬೇರೆ. ಅವನ ಆಯಸ್ಸು ಅಷ್ಟೇ ಇತ್ತು.”

“ಆಯಸ್ಸಿನ ಮಾತು ಆಮೇಲೆ ಮಾವ. ಮನ್ಸೂರಣ್ಣಂಗೆ ಫೋನ್ ಮಾಡಿದೀನಿ, ಬರ್ತಾವ್ರೆ.”

ಮನ್ಸೂರ್ ಯಶವಂತಪುರದ ಲಾರಿ ಮೆಕ್ಯಾನಿಕ್. ಕೆಟ್ಟುನಿಂತ ಲಾರಿಯನ್ನು ಅವನ ಶೆಡ್ಡಿಗೇ ಎಳೆದು ತಂದಿದ್ದರು. ಅವನು ಬಂದವನೇ ಪೇಪರಿನಲ್ಲಿ ಸುತ್ತಿದ್ದ ಕಬ್ಬಿಣದ ದಪ್ಪ ಕೊಳವೆಯೊಂದನ್ನು ಜಗಲಿಯ ಮೇಲಿಟ್ಟ.

“ಇಂಜಿನ್ ಒಳಗೆ ಪಿಸ್ಟನ್ ಆಡೋ ಕೊಳವೆ ಯಜಮಾನ್ರೇ. ಬೆರಳಾಡಿಸಿ ನೋಡಿ.”

ಕೊಳವೆಯ ಹೊರಮೈ ತುಂಬ ಸಣ್ಣ ಸಣ್ಣ ಗುಳಿಗಳು. ಒಂದು ಕಡೆ ಈಚೆಯಿಂದ ಆಚೆಗೆ ತೂತು. ಸುತ್ತಲೂ ಬಿಳಿಯ ಹಕ್ಕಳೆ.

“ಹುಳ ತಿಂದಂಗೈತಲ್ಲಪ್ಪ. ಕಬ್ಬಿಣಕ್ಕೆ ಹುಳ ಎಲ್ಲಿಂದ ಬಂತು?”

“ಹುಳ ಅಲ್ಲ, ಗುಳ್ಳೆ. ಡೀಸೆಲ್ ಇಂಜಿನ್ನಲ್ಲಿ ಈ ಕೊಳವೆ ಜೋರಾಗಿ ಅದುರುತ್ತೆ. ಸುತ್ತ ಇರೋ ನೀರಲ್ಲಿ ಗುಳ್ಳೆ ಎದ್ದು ಒಡೆಯುತ್ತೆ. ಒಡೆದಾಗೆಲ್ಲ ಕಬ್ಬಿಣ ಸ್ವಲ್ಪ ಸ್ವಲ್ಪ ಕಿತ್ತು ಬರುತ್ತೆ. ಇಂಜಿನ್ ತಣ್ಣಗಿಡೋಕೆ ಹಾಕೋ ಲಾರಿ ಕೂಲೆಂಟಲ್ಲಿ ಅದಕ್ಕೇ ಅಂತ ಔಷಧಿ ಇರುತ್ತೆ, ಕಬ್ಬಿಣದ ಮೇಲೆ ಪೊರೆ ಕಟ್ಟಿ ಕಾಯುತ್ತೆ. ಆ ಗಾಡೀಲಿ ಔಷಧಿ ಹೆಸರಿಗೂ ಇರಲಿಲ್ಲ. ಬರೀ ನೀರು. ತೂತು ಬಿದ್ದು ಅದೂ ಸೋರಿಹೋಗಿ ಇಂಜಿನ್ ಕಾಯ್ತು.”

“ಅದೆಂಗೆ? ಶೋರೂಮ್‌ನವರೇ ತುಂಬಿಕೊಟ್ಟಿದ್ರು.”

ವಾಸು ತಲೆ ತಗ್ಗಿಸಿದ. “ಅಪ್ಪ, ಶುಕ್ರವಾರದ ನೀರು.”

ಪ್ರತಿ ಶುಕ್ರವಾರ ಪೂಜೆಯಾದ ಮೇಲೆ ಮುನಿಆಂಜಿನಪ್ಪನವರು ಕಳಶದ ನೀರನ್ನು ಎರಡೂ ಲಾರಿಗಳ ರೇಡಿಯೇಟರಿಗೆ ಒಂದೊಂದು ಚೊಂಬು ಹಾಕುತ್ತಿದ್ದರು. ಗಂಗಮ್ಮ ಒಳಗಿದ್ದರೆ ಗಾಡಿ ತಂಪಾಗಿರುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೆ ಜಾಗವಾಗಲೆಂದು ಮಕ್ಕಳು ಕೆಳಗಿನ ತಿರುಪು ಸಡಿಲಿಸಿ ಒಂದು ಚೊಂಬು ಕೂಲೆಂಟನ್ನು ಬಸಿದು ಚೆಲ್ಲುತ್ತಿದ್ದರು. ಮೂರು ವರ್ಷ ಒಂದು ವಾರವೂ ತಪ್ಪಿಸಿರಲಿಲ್ಲ.

“ನಮ್ಮ ದೇವರ ನೀರಿಗೇ ತಪ್ಪು ಹೊರಿಸ್ತೀಯೇನಪ್ಪ ಮನ್ಸೂರು?”

“ದೇವರಿಗಲ್ಲ, ನಿಮ್ಮ ಬೋರ್‌ವೆಲ್ಲಿಗೆ. ನಿಮ್ಮನೆ ಹಂಡೆ ಒಳಗೆ ಕೈ ಹಾಕಿ ನೋಡಿ, ಎಷ್ಟು ಸುಣ್ಣ ಕೂತಿದೆ ಅಂತ. ನಮ್ಮನೇಲೂ ಹಂಗೇ. ಊರ ಲಾರಿ ಎಲ್ಲ ರಿಪೇರಿ ಮಾಡ್ತೀಯ, ಮನೆ ಪಾತ್ರೆ ಸುಣ್ಣ ತೆಗೆಯೋಕೆ ಮಾತ್ರ ಆಗಲ್ಲ ಅಂತ ನನ್ನ ಹೆಂಡ್ತಿ ಗೌಹರ್ ದಿನಾ ಬೈತಾಳೆ. ಕಳಶದ ನೀರನ್ನ ಗಾಡಿ ಮೇಲೆ ಪ್ರೋಕ್ಷಣೆ ಮಾಡಿ, ಯಾರು ಬೇಡ ಅಂತಾರೆ? ಒಳಗೆ ಮಾತ್ರ ಬೇಡ.”

ಮುನಿಆಂಜಿನಪ್ಪನವರು ಜಗಲಿಯ ಮೇಲೆ ಕುಸಿದು ಕುಳಿತರು.

“ಅಂದ್ರೆ, ನನ್ನ ಕೈಯಾರೆ…”

“ಅದೊಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ ಯಜಮಾನ್ರೇ. ಆದ್ರೆ ಈ ಗಾಡಿಗೂ ಅದೇ ನೀರು ಬಿದ್ದಿದೆ.”

ಮುದುಕರ ಕಣ್ಣು ಅಂಗಳದ ಲಾರಿಯಿಂದ ವಾಸುವಿನ ಕಡೆಗೆ ತಿರುಗಿತು. ಬೆಳಗಾದರೆ ಇವನೂ ಅದೇ ರಸ್ತೆ ಹಿಡಿಯುತ್ತಿದ್ದ.

“ನೋಡಪ್ಪ. ಈಗಲೇ ನೋಡು.”

ಇಂಜಿನ್ ತಣ್ಣಗಿತ್ತು. ಮನ್ಸೂರ್ ಮುಚ್ಚಳ ತೆಗೆದು ಒಂದು ಕಾಗದದ ಪಟ್ಟಿಯನ್ನು ಅದ್ದಿದ. ಔಷಧಿ ಇದ್ದರೆ ಪಟ್ಟಿಯ ಬಣ್ಣ ತಿರುಗಬೇಕಿತ್ತು, ತಿರುಗಲಿಲ್ಲ. ನೀರು ತುಕ್ಕಿನ ಬಣ್ಣಕ್ಕೆ ಬಂದಿತ್ತು.

“ಯಲಹಂಕದಿಂದ ಒಂದು ಕ್ಯಾನ್ ಕೆಂಪು ಕೂಲೆಂಟ್ ತಂದು ಹುಯ್ಯಲಾ ಅಣ್ಣ? ಬೆಳಗ್ಗೆ ಲೋಡಿದೆ,” ಎಂದ ವಾಸು.

“ಬಣ್ಣ ನೋಡಿ ಶರ್ಟ್ ತಗೋ ಮಗಾ, ಕೂಲೆಂಟ್ ತಗೋಬೇಡ. ಯಾವುದು ಹಾಕ್ಬೇಕು ಅಂತ ಗಾಡಿ ಪುಸ್ತಕದಲ್ಲಿ ಬರೆದಿದೆ. ಕಾರಿಂದೆಲ್ಲ ಲಾರಿಗೆ ಆಗಲ್ಲ. ಎರಡು ತರದ್ದು ಬೆರೆಸಿದ್ರೆ ಕೆಲವು ಸಲ ಗಂಜಿ ಆಗಿ ದಾರಿ ಕಟ್ಟುತ್ತೆ.”

“ಆ ಔಷಧಿನ ಎರಡು ಬಾಟ್ಲಿ ಜಾಸ್ತಿ ಆಕಪ್ಪ,” ಎಂದರು ಮುನಿಆಂಜಿನಪ್ಪನವರು ಭಯದಿಂದ.

“ಜಾಸ್ತಿ ಆದ್ರೂ ಕಷ್ಟ ಯಜಮಾನ್ರೇ, ಅದೂ ಗಟ್ಟಿಯಾಗಿ ಕೂರುತ್ತೆ. ಪಟ್ಟಿ ತೋರಿಸಿದಷ್ಟೇ ಹಾಕ್ಬೇಕು. ಕೆಲವು ಕೂಲೆಂಟಿಗೆ ಬೇರೆ ಔಷಧಿ ಸೇರಿಸಲೇಬಾರದು. ಮೊದಲು ಒಳಗೆಲ್ಲ ತೊಳೆದು, ಕೊಳವೆ ತೂತಾಗಿದೆಯಾ ನೋಡ್ಬೇಕು. ನಾಲ್ಕು ದಿನ ಬೇಕು.”

ಮುನಿಆಂಜಿನಪ್ಪನವರು ತಾವೇ ಯಾರ್ಡಿಗೆ ಫೋನು ಮಾಡಿದರು. “ಲೋಡು ಬೇರೆಯವರಿಗೆ ಕೊಡಿ. ನಮ್ಮ ಗಾಡಿ ಇನ್ನೂ ಸಿದ್ಧವಿಲ್ಲ,” ಎಂದರು. ಆಗ ಸರಳಾ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಮನ್ಸೂರನ ಕೈಗೆ ಕೊಟ್ಟಳು.

ಆ ಲಾರಿಯಲ್ಲಿಯೂ ಎರಡು ಕೊಳವೆಗಳು ಅರ್ಧದಷ್ಟು ಸವೆದಿದ್ದವು. ಇನ್ನು ಕೆಲವು ತಿಂಗಳು ತಡೆಯುತ್ತಿದ್ದವೋ ಏನೋ ಎಂದು ಮನ್ಸೂರ್ ಹೇಳಿದ. ಅವನ್ನು ಬದಲಾಯಿಸಿ, ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ತುಂಬಿದ ಮೇಲೆ ವಾಸು ಹೊರಟ. ಅವನು ಶೂಲಗಿರಿ ದಾಟಿದೆನೆಂದು ಫೋನು ಮಾಡುವವರೆಗೂ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಲಾರಿ ಇಟ್ಟುಕೊಂಡಿರುವ ಅಣ್ಣತಮ್ಮಂದಿರೇ, ಇಂದೇ ನಿಮ್ಮ ಗಾಡಿಯ ಪುಸ್ತಕ ತೆಗೆದು ಯಾವ ಕೂಲೆಂಟ್ ಎಂದು ಓದಿಸಿಕೊಳ್ಳಿ. ನೀರು ಬೆರೆಸಬೇಕಾದದ್ದಾದರೆ ಡಿಸ್ಟಿಲ್ಡ್ ವಾಟರನ್ನೇ, ಹೇಳಿದ ಅಳತೆಯಲ್ಲಿ ಬೆರೆಸಿ. ಬೆರೆಸಿಯೇ ಬಂದದ್ದಕ್ಕೆ ಮತ್ತೆ ನೀರು ಬೇಡ. ಸರ್ವೀಸಿಗೆ ಬಿಟ್ಟಾಗ ಪಟ್ಟಿ ಅದ್ದಿ ನೋಡಲು ಕೇಳಿ. ಕಾದ ಇಂಜಿನ್ನಿನ ಮುಚ್ಚಳ ತೆರೆಯಬೇಡಿ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿದ್ದರೆ ಗಾಡಿ ತಾನಾಗಿ ನಿಲ್ಲುವವರೆಗೂ ಓಡಿಸದೆ, ಮೊದಲೇ ರಸ್ತೆಯ ಅಂಚಿಗೆ ತಂದು ನಿಲ್ಲಿಸಿ. ನಿಮ್ಮ ದಾರಿ ಕಾಯುವವರು ಮನೆಯಲ್ಲಿದ್ದಾರೆ.

ದುಡಿಯುತ್ತಲೇ ಹೋದ ಮುನಿಶಾಮಿಗೆ ಭಗವಂತ ತನ್ನ ಪಾದದ ನೆರಳು ಕೊಡಲಿ. ಆ ಜೀವಕ್ಕೆ ಶಾಂತಿ ಸಿಗಲಿ.