ಉಳಿದ ಒಂದು ಕಾಲು

ತಟ್ಟೆಯಲ್ಲಿ ಕೋಳಿಯ ಕಾಲು ಎರಡು, ಮೇಜಿನ ಸುತ್ತ ಜನ ಮೂವರು. ಇನ್‌ಜಾ ತಟ್ಟೆಯನ್ನಲ್ಲ, ಮಗಳು ಕರೆತಂದ ಹುಡುಗನ ಕೈಯನ್ನು ನೋಡುತ್ತಿದ್ದಳು.

ಮದುವೆಯಾದರೆ ಈ ಜೆಹುನ್‌ನನ್ನೇ ಎಂದು ಮಗಳು ಸೆಹೀ ಹಟ ಹಿಡಿದಿದ್ದಳು. ಅಮ್ಮ ಹೂಂ ಅನ್ನದೆ ಆಗುವುದಿಲ್ಲ ಎಂದೂ ಹೇಳಿದ್ದಳು. ಅದಕ್ಕೇ ಈ ಸಂಜೆ, ಓಣಿಯ ತಿರುವಿನ ಬಿಯರ್ ಅಂಗಡಿಯಲ್ಲಿ. ಕರಿದ ಕೋಳಿಯ ಮುಂದೆ ಕೂತವನ ಬಣ್ಣ ಬೇಗ ಬಯಲಾಗುತ್ತದೆ ಎಂಬುದು ಇನ್‌ಜಾಳ ನಂಬಿಕೆ.

ಜೆಹುನ್ ಒಂದು ಕಾಲನ್ನು ಸೆಹೀಗೆ ಹಾಕಿದ. ತಾನು ಎದೆಯ ತುಂಡು ತೆಗೆದುಕೊಂಡ.

"ಇನ್ನೊಂದು ಕಾಲು ನೀನೇ ತಗೊಳ್ಳಪ್ಪ," ಎಂದಳು ಇನ್‌ಜಾ.

"ಬೇಡಮ್ಮ, ನಂಗೆ ಎದೆ ಭಾಗಾನೇ ಇಷ್ಟ."

ಇಷ್ಟವಂತೆ! ಗಂಟಲಿಗೆ ಅಂಟುವ ಆ ಒಣ ತುಂಡು. ಇನ್‌ಜಾ ಹಳೆ ಬಟ್ಟೆ ಸರಿಮಾಡುವ ಅಂಗಡಿಯವಳು. ಸೊಂಟದ ಅಳತೆ ಕೇಳಿದರೆ ನಗುನಗುತ್ತಾ ಸುಳ್ಳು ಹೇಳುವವರನ್ನು ದಿನವೂ ಕಂಡವಳು. ಸೆಹೀಯ ಅಪ್ಪನೂ ಮೊದಮೊದಲು ಹೀಗೇ ಎಲ್ಲಕ್ಕೂ ಬೇಡ ಬೇಡ ಎನ್ನುತ್ತಿದ್ದ. ಆಮೇಲೆ ಬೇಕಾದ್ದನ್ನೆಲ್ಲ ಹೇಳದೆ ಕೇಳದೆ ಕೊಂಡೊಯ್ದ.

ಜೆಹುನ್ ಮುಖ ಅತ್ತ ತಿರುಗಿಸಿ ಬಿಯರ್ ಗುಟುಕರಿಸಿದ. ಹಿರಿಯರೆದುರು ಎಷ್ಟು ಮರ್ಯಾದೆ! ಅದೂ ಅವಳಿಗೆ ಸಂಶಯವೇ.

"ಏನ್ ಇನ್‌ಜಾಕ್ಕ, ಅಳಿಯನ್ನ ನುಂಗೋ ಹಾಗೆ ನೋಡ್ತೀಯ? ಕೋಳಿ ತಿನ್ನು, ಆರಿಹೋಗ್ತಿದೆ," ಎಂದು ಒಲೆಯ ಕಡೆಯಿಂದ ಬಿಯರ್ ಅಂಗಡಿಯವಳು ಕೂಗಿದಳು.

"ಇನ್ನೂ ಅಳಿಯ ಆಗಿಲ್ಲ. ನೀನು ಮೂಲಂಗಿ ಉಪ್ಪಿನಕಾಯಿ ತಗೊಂಬಾ."

ಅಷ್ಟರಲ್ಲಿ ಜೆಹುನ್ ಎರಡೂ ಕೈಯಲ್ಲಿ ಅವಳ ತಟ್ಟೆಗೆ ಒಂದು ತುಂಡು ಇಟ್ಟ. ಕತ್ತು.

"ನಿಮಗೆ ಇದಂದ್ರೆ ಪ್ರಾಣ ಅಂತ ಸೆಹೀ ಹೇಳಿದ್ಲು."

"ಹೂಂ ಮತ್ತೆ, ನಮ್ಮಮ್ಮ ಕಾಲು ಮುಟ್ಟೋದೇ ಇಲ್ಲ," ಎಂದು ಸೆಹೀ ಬೆರಳು ನೆಕ್ಕಿದಳು.

ಇನ್‌ಜಾ ಕತ್ತನ್ನು ಅವಸರವಾಗಿ ಕಚ್ಚಿ ಮುಗಿಸಿದಳು. ಬರೀ ಮೂಳೆ. ತಲೆಯೆತ್ತಿದರೆ ಹುಡುಗ ಅವಳನ್ನೇ ನೋಡುತ್ತಿದ್ದ, ಇಷ್ಟು ಹೊತ್ತು ಅವಳು ಅವನನ್ನು ನೋಡಿದ ಹಾಗೆಯೇ.

ಸೆಹೀ ಕೈಗಂಟಿದ ಖಾರ ತೊಳೆಯಲು ಎದ್ದುಹೋದಳು.

"ನಮ್ಮಜ್ಜಿನೂ ಕತ್ತು ಹೀಗೇ ತಿಂತಿದ್ರು," ಎಂದ ಜೆಹುನ್ ಮೆಲ್ಲಗೆ. "ಔಷಧಿ ಥರ, ಬೇಗ ಬೇಗ. ಕಾಲು ನಮಗೆ ಉಳೀಲಿ ಅಂತ." ಉಳಿದಿದ್ದ ಕಾಲನ್ನು ಎತ್ತಿ ಅವಳ ತಟ್ಟೆಯಲ್ಲಿಟ್ಟ.

ಇನ್‌ಜಾ ಕಾಲನ್ನು ಎತ್ತಿ ಕಚ್ಚಿದಳು. ಮಗಳು ಇಷ್ಟು ವರ್ಷ ಕಾಣದ್ದನ್ನು ಇವನು ಒಂದು ತುತ್ತಿನಲ್ಲಿ ಕಂಡನಲ್ಲ.

"ಹಾಗಾದ್ರೆ ನಿನ್ನ ಎದೆ ತುಂಡು?"

ಅವನ ಕಿವಿ ಕೆಂಪಾಯಿತು. "ಅದೂ ಸುಳ್ಳೇ ಅಮ್ಮ. ನಂಗೂ ಕಾಲೇ ಇಷ್ಟ."

ಇನ್‌ಜಾ ಒಲೆಯ ಕಡೆ ತಿರುಗಿ ಕೂಗಿದಳು: "ಏ ಇವಳೇ, ಇನ್ನೊಂದು ಕೋಳಿ ಕರಿಯೇ!"

ಸೆಹೀ ಬಂದವಳು ನಿಂತಲ್ಲೇ ನಿಂತಳು. "ಅಮ್ಮಾ! ನೀನು ಕಾಲು ತಿಂತಿದ್ದೀಯಾ?"

"ತಿಂತಿದ್ದೀನಿ, ಈಗೇನು? ಕೂತ್ಕೋ." ಇನ್‌ಜಾ ಹುಡುಗನ ಲೋಟಕ್ಕೆ ಬಿಯರ್ ಸುರಿದಳು. "ಮದುವೆ ಆದ್ಮೇಲೂ ಇವನ ಮೇಲೆ ಒಂದು ಕಣ್ಣಿಟ್ಟಿರು. ಮುಚ್ಚಿಟ್ಟಿದ್ದೆಲ್ಲ ಹುಡುಗನ ಕಣ್ಣಿಗೆ ಬೀಳುತ್ತೆ."