ಹನ್ನೊಂದು ದಿನದ ಅಂಕಿಗಳು

ಮಸ್ಕಿಯಲ್ಲಿ ಬಸ್ಸಿಳಿದ ಭಾಗ್ಯಶ್ರೀಗೆ ಅಪ್ಪನ ಬಟ್ಟೆ ಅಂಗಡಿಯ ದಾರಿ ಎಂದಿಗಿಂತ ಉದ್ದವೆನಿಸಿತು. ಸಿಂಧನೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವಳು, ಮೂರು ವರ್ಷದಿಂದ ಹೊರದೇಶದ ಪ್ರಯೋಗವೊಂದರ ಅಂಕಿಗಳನ್ನು ಬಿಡುವಿನ ವೇಳೆಯಲ್ಲಿ ಕಂಪ್ಯೂಟರಿನಲ್ಲಿ ಜಾಲಾಡುತ್ತಿದ್ದಳು. ಪ್ರೋಟಾನು, ನ್ಯೂಟ್ರಾನುಗಳಿಗೆ ಸ್ಪಿನ್ ಎಂಬ ಗುಣವಿದೆ, ಹೆಚ್ಚುಕಡಿಮೆ ಬುಗುರಿಯ ತಿರುಗುವಿಕೆಯಂಥದ್ದು. ಒಳಗಿನ ಕ್ವಾರ್ಕುಗಳೆಂಬ ಕಿರುಕಣಗಳ ಸ್ಪಿನ್ನನ್ನೆಲ್ಲ ಕೂಡಿಸಿದರೂ ಇಡೀ ಕಣದ ಸ್ಪಿನ್ನಿನ ಮೂರನೇ ಒಂದು ಪಾಲಷ್ಟೇ ಸಿಗುತ್ತದೆ. ಉಳಿದದ್ದನ್ನು ಹುಡುಕುವ ನೂರಾರು ಜನರಲ್ಲಿ ಇವಳೂ ಒಬ್ಬಳು. ನ್ಯೂಟ್ರಾನಿನಲ್ಲಿ ಯಾರೂ ಎಣಿಸಿರದ ಹೊಸದೊಂದು ಕಂಡಿದೆಯೆಂದು ಹೋದ ತಿಂಗಳು ಅಪ್ಪನಿಗೆ ಹೇಳಿದ್ದಳು.

ಸೂಗಪ್ಪನಿಗೆ ಅಷ್ಟೇ ಸಾಕಾಗಿತ್ತು. ರವಿಕೆ ಬಟ್ಟೆಗೆ ಬಂದವರನ್ನೂ ಮಗಳ ಸುದ್ದಿ ಹೇಳದೆ ಕಳಿಸುತ್ತಿರಲಿಲ್ಲ.

ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಮಾಬುಬೀ ಕುಳಿತಿದ್ದಳು. ಆದರೂ ಭಾಗ್ಯಶ್ರೀ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು.

"ಅಪ್ಪಾ, ನಾ ಹೇಳಿದ್ದು ಖರೇ ಅಲ್ಲ. ಹನ್ನೊಂದು ದಿನದ ಅಂಕಿಗಳೊಳಗ ಸ್ಪಿನ್ನಿನ ದಿಕ್ಕು ಉಲ್ಟಾ ಹಾಕೀನಿ. ಸರಿ ಮಾಡಿದ್ರ ಹೊಸಾದು ಏನೂ ಉಳೀಲಿಲ್ಲ."

"ತಪ್ಪು ಯಾರು ಹಿಡದ್ರು?"

"ನಾನ. ತಂಡದವರಿಗಿನ್ನಾ ಗೊತ್ತಿಲ್ಲ. ನಾಳೆ ಸಂಜೀಕ ಮೀಟಿಂಗಿನಾಗ ಹೇಳಬೇಕು. ನೀ ನೋಡಿದ್ರ ಊರ ಮಂದಿಗೆಲ್ಲಾ..." ಅವಳು ಕಣ್ಣೊರೆಸಿಕೊಂಡಳು.

"ಊರ ಮಂದೀನ ನನಗ ಬಿಡು. ನಾನ ಹೇಳೀನಿ, ನಾನ ತಿದ್ದತೀನಿ." ಸೂಗಪ್ಪ ಅಲ್ಲಿಂದಲೇ ಶುರುಮಾಡಿದ. "ಮಾಬುಬೀ, ಕೇಳಿದೇನು? ಮಗಳು ತನ್ನ ತಪ್ಪು ತಾನ ಹಿಡದಾಳ."

"ತೋಳು ಉಲ್ಟಾ ಹಚ್ಚಿದ್ರ ನಾನೂ ಬಿಚ್ಚತೀನಿ, ಬೇಟಾ" ಎಂದಳು ಮಾಬುಬೀ. "ಅಳಬ್ಯಾಡ."

ಮರುದಿನ ಸೂಗಪ್ಪ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಮಗಳ ಜೊತೆ ಸಿಂಧನೂರಿನ ಬಸ್ ಹತ್ತಿದ.

"ಎಲ್ಲಾ ಇಂಗ್ಲೀಷಿನಾಗ ಇರ್ತೈತಪ್ಪಾ. ನಿನಗೇನು ತಿಳೀತೈತಿ?"

"ನಿನ್ನ ದನಿ ತಿಳೀತೈತಲ್ಲ."

ಅವಳ ಬಾಡಿಗೆ ಕೋಣೆಯಲ್ಲಿ ಸೂಗಪ್ಪ ಕಂಪ್ಯೂಟರಿನ ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೊರಗಿ ಕುಳಿತ. ಮೊದಲ ಮಾತುಗಳಲ್ಲಿ ಮಗಳ ದನಿ ನಡುಗಿತು. ಒಮ್ಮೆ ಅಪ್ಪನತ್ತ ನೋಡಿದಳು, ಆಮೇಲೆ ನಡುಗಲಿಲ್ಲ. ತನ್ನ ತಪ್ಪನ್ನು ಪೂರ್ತಿ ವಿವರಿಸಿ ಮುಗಿಸಿದಳು. ಬಳಿಕ ಪರದೆಯಲ್ಲಿದ್ದ ತಂಡದ ಹಿರಿಯಾಕೆ ಧನ್ಯವಾದ ಹೇಳಿ, ಇಂಥದೇ ತಪ್ಪು ಬೇರೆಯವರ ಲೆಕ್ಕದಲ್ಲೂ ನುಸುಳಿದೆಯೇ ನೋಡಿಕೊಡುವಿರಾ ಎಂದು ಕೇಳಿದಳು. ಭಾಗ್ಯಶ್ರೀ ಒಪ್ಪಿದಳು.

"ಬೈದ್ರೇನು?" ಮೀಟಿಂಗು ಮುಗಿದದ್ದೇ ಸೂಗಪ್ಪ ಕೇಳಿದ.

"ಇಲ್ಲಪ್ಪಾ. ಇನ್ನಷ್ಟು ಕೆಲಸ ಕೊಟ್ಟಾರ."

ಅವನು ನಗುತ್ತ ಬುತ್ತಿ ಬಿಚ್ಚಿದ. ಮೂರು ದಿನದಿಂದ ಊಟ ಸೇರದಿದ್ದ ಭಾಗ್ಯಶ್ರೀ, ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಳು.